ಕಿವಿಗೆ ಕೈ ಹಚ್ಚಿ ಬರೆದ ಪ್ರಬಂಧ

ಕಳೆದ ಸೋಮವಾರ ನಮ್ಮ ಪ್ರಿನ್ಸಿಪಾಲರ ಟೇಬಲ್ಲಿನ ಮೇಲೆ ನನ್ನ ಅಂಕಣದ ಎರಡು ಪ್ರತಿಗಳು ಅಕ್ಕಪಕ್ಕ ಬಿದ್ದಿದ್ದವು. ಒಂದು, ಪತ್ರಿಕೆಯ ಕಟಿಂಗಿನ ಝೆರಾಕ್ಸ್. ಇನ್ನೊಂದು, ನೀಲಿ ಬಾಲ್‌ಪೆನ್ನಿನಲ್ಲಿ ಬರೆದ ಉತ್ತರಪತ್ರಿಕೆ. ಎರಡರದೂ ಮೊದಲ ವಾಕ್ಯ ಒಂದೇ. ಎರಡನೆಯದೂ ಒಂದೇ. ಬೆರಳಿಟ್ಟು ಕೆಳಗಿಳಿಯುತ್ತ ಹೋದೆ. ಪುಟ ಮುಗಿಯುವವರೆಗೂ ಒಂದೇ.

ಬರೆಯುವವರಿಗೆ ಇದಕ್ಕಿಂತ ಸಂತೋಷ ಬೇರೇನಿದೆ ಎಂದು ನೀವು ಕೇಳಬಹುದು. ನನಗೆ ಮಾತ್ರ ಸಂತೋಷವಾಗಲಿಲ್ಲ. ಏಕೆಂದರೆ ಆ ಉತ್ತರಪತ್ರಿಕೆಯ ನೆತ್ತಿಯ ಮೇಲೆ ಕೆಂಪು ಮಸಿಯಲ್ಲಿ ‘ಕಾಪಿ’ ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ಮತ್ತು ಆ ಪರೀಕ್ಷೆಯ ದಿನ ಆ ಕೋಣೆಯಲ್ಲಿ ಮೇಲ್ವಿಚಾರಕಿಯಾಗಿ ಕುಳಿತಿದ್ದವಳು ನಾನೇ.

ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಕನ್ನಡ ಕಲಿಸುವವಳೆಂಬುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಈ ವರ್ಷದಿಂದ ನಮ್ಮಲ್ಲಿ ಒಂದು ಹೊಸ ಪೇಪರ್ ಬಂದಿದೆ. ಹೆಸರು ‘ವಿಶ್ಲೇಷಣಾತ್ಮಕ ಓದು ಮತ್ತು ಪ್ರಬಂಧ ರಚನೆ’. (ಹುಡುಗರು ಇಷ್ಟುದ್ದ ಹೇಳುವುದಿಲ್ಲ. ‘ಬರಿಯೂ ಪೇಪರ್’ ಅನ್ನುತ್ತಾರೆ.) ಇಲ್ಲಿಯವರೆಗೆ ಪ್ರಬಂಧವೆಂದರೆ ಗೈಡಿನಲ್ಲಿರುವುದು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ವಿಜ್ಞಾನ ವರವೋ ಶಾಪವೋ ಎಂದು ಕೇಳಿದರೆ ಎರಡೂ ಹೌದು ಎಂದು ಬರೆದು ಎದ್ದು ಬರುವುದು.

ಹೊಸ ಪೇಪರಿನಲ್ಲಿ ಹಾಗಿಲ್ಲ. ಯಾರೋ ಬರೆದದ್ದನ್ನು ಓದಬೇಕು. ಅವರು ಹೇಳುತ್ತಿರುವುದು ಏನು, ಯಾವ ಆಧಾರದ ಮೇಲೆ, ಆಧಾರ ಎಲ್ಲಿ ಸಡಿಲ ಎಂದು ಹುಡುಕಬೇಕು. ಆಮೇಲೆ ತನ್ನ ಮಾತು ಬರೆಯಬೇಕು. ಇದಕ್ಕೆ ಇನ್ನೂ ಗೈಡ್ ಬಂದಿಲ್ಲ. ಝೆರಾಕ್ಸ್ ಅಂಗಡಿಯವನು ನನ್ನನ್ನೇ ಕೇಳಿದ: “ಮೇಡಮ್ರಿ, ಆ ಬರಿಯೂ ಪೇಪರಿಂದು ಗೈಡ್ ಯಾವಾಗ ಬರತೈತ್ರಿ? ಹುಡುಗರು ಬಾಳ ಕೇಳಾಕ ಹತ್ಯಾರ.”

ಓದಿಸಲು ನಾನು ಆರಿಸಿದ್ದು ನನ್ನದೇ ಒಂದು ಅಂಕಣವನ್ನು. ಅನುಮತಿ ಕೇಳುವ ತೊಂದರೆ ಇಲ್ಲ, ನೋಡಿ. (ಸ್ವಲ್ಪ ಹೆಮ್ಮೆಯೂ ಇತ್ತು.) ‘ಒಂದು ಬಸ್ಸು ಮುಂಚೆ’ ಎಂಬ ಆ ಬರಹ ಕೆಲವರಿಗೆ ನೆನಪಿರಬಹುದು. ಹಳ್ಳಿಗಳಿಂದ ಬರುವ ಹುಡುಗ ಹುಡುಗಿಯರು ಮೊದಲ ಪೀರಿಯಡ್ಡಿಗೆ ತಡವಾಗಿ ಬರುತ್ತಾರೆ. ಬಸ್ಸಿನ ನೆವ ಹೇಳುತ್ತಾರೆ. ಮನಸ್ಸಿದ್ದರೆ ಒಂದು ಬಸ್ಸು ಮುಂಚೆ ಹಿಡಿಯಬಹುದು, ಹೊತ್ತಿಗೆ ಸರಿಯಾಗಿ ಬಂದು ಕುಳಿತವರನ್ನು ಕೇಳಿ ನೋಡಿದ್ದೇನೆ. ಕಲಿಯುವ ಮನಸ್ಸು ಬೇಕು, ಅಷ್ಟೇ. ಇದು ನನ್ನ ವಾದ. ಬಹಳ ಜನ ಮೆಚ್ಚಿ ಕಾಗದ ಬರೆದಿದ್ದರು.

ತರಗತಿಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿದೆ. ಝೆರಾಕ್ಸ್ ಹಂಚಿದೆ. ಗಂಟೆ ಹೊಡೆದಾಗ ಝೆರಾಕ್ಸ್‌ಗಳನ್ನೆಲ್ಲ ವಾಪಸು ತೆಗೆದುಕೊಂಡೆ. ಮುಂದಿನ ತಿಂಗಳ ಟೆಸ್ಟಿನಲ್ಲಿ ಪ್ರಶ್ನೆ ಕೊಟ್ಟೆ: ಆ ಲೇಖನದ ವಾದವನ್ನು ಪರಿಶೀಲಿಸಿ ಪ್ರಬಂಧ ಬರೆಯಿರಿ.

ನಮ್ಮಲ್ಲಿ ಟೆಸ್ಟಿನ ಪೇಪರುಗಳನ್ನು ಕಲಿಸಿದವರೇ ನೋಡುವಂತಿಲ್ಲ, ಅದಲುಬದಲು ಮಾಡುತ್ತೇವೆ. ನನ್ನ ಕಟ್ಟು ಇತಿಹಾಸದ ಇನಾಮದಾರ ಸರ್ ಅವರಿಗೆ ಹೋಯಿತು. ಹಿರಿಯರು, ನೇರ ಮನುಷ್ಯ. ಚೀಟಿ ಹಿಡಿಯುವುದರಲ್ಲಿ ಎತ್ತಿದ ಕೈ. ಅವರು ಸುವರ್ಣಾ ಎಂಬ ಹುಡುಗಿಯ ಪೇಪರಿನ ಮೊದಲ ಪುಟ ಓದಿದರು. ನನ್ನ ಝೆರಾಕ್ಸ್ ತರಿಸಿ ಪಕ್ಕಕ್ಕಿಟ್ಟುಕೊಂಡರು. ಎರಡನೆಯ ಪುಟದ ನಡುವಿಗೆ ಬರುವಷ್ಟರಲ್ಲಿ ಅವರಿಗೆ ಸಾಕೆನಿಸಿತು. ಕೆಂಪು ಪೆನ್ನು ತೆಗೆದರು.

ಸುವರ್ಣಾ ಸಂಗೊಳ್ಳಿ ಕಡೆಯ ಒಂದು ಸಣ್ಣ ಹಳ್ಳಿಯವಳು. ಹಿಂದಿನ ಬೆಂಚು. ಮಾತು ಕಡಿಮೆ. ಮೊದಲ ಪೀರಿಯಡ್ಡಿಗೆ ಬಂದರೆ ಬಂದಳು, ಇಲ್ಲದಿದ್ದರೆ ಇಲ್ಲ. ಕಾಪಿ ಎಂದು ತೀರ್ಮಾನವಾದರೆ ಅವಳಿಗೆ ಈ ವರ್ಷ ಹಾಲ್ ಟಿಕೆಟ್ ಇಲ್ಲ. ಒಂದು ವರ್ಷ ತಾನೇ ಎನ್ನುತ್ತೀರಾ? ಆ ಸೋಮವಾರ ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಯ ಹೊರಗೆ ವರಾಂಡದಲ್ಲಿ ಅವಳು ನನಗೆ ಹೇಳಿದ್ದು ಇಷ್ಟು: “ಅಣ್ಣ ಅಂದಾನ್ರಿ ಮೇಡಮ್ರಿ, ಕಾಪಿ ಹೊಡದು ಸಾಲಿ ಕಲಿಯೂದಕ್ಕಿಂತ ಮನ್ಯಾಗ ರೊಟ್ಟಿ ಬಡಿಯೂದು ಪಾಡು ಅಂತ. ಈ ಸಲ ಬಿಡಿಸಿದ್ರ ಮುಗೀತ್ರಿ.”

“ಝೆರಾಕ್ಸ್ ಇಟ್ಟುಕೊಂಡಿದ್ದೆಯಾ?” ಎಂದೆ.

“ಇಲ್ರಿ.”

ಅಷ್ಟರಲ್ಲಿ ಜವಾನ ಬಂದು ಒಳಗೆ ಕರೆದ.

ಒಳಗೆ ಪ್ರಿನ್ಸಿಪಾಲರು ಮೆತ್ತಗೆ ಕೇಳಿದರು: “ಮೇಡಂ, ಕೋಣ್ಯಾಗ ಇದ್ದವರು ನೀವು. ಏನ್ ಕಂಡ್ರಿ, ಅಷ್ಟ ಹೇಳ್ರಿ ಸಾಕು.”

ಏನು ಕಂಡೆ? ಚೀಟಿ ಕಂಡಿರಲಿಲ್ಲ. ಕಾಗದದ ಸದ್ದು ಕೇಳಿರಲಿಲ್ಲ. ಯಾರೂ ಅವಳತ್ತ ಬಾಗಿರಲಿಲ್ಲ. ಇಷ್ಟನ್ನೇ ಹೇಳಿ ಕೂತುಬಿಡಬಹುದಿತ್ತು.

ಆದರೆ ಇನ್ನೊಂದನ್ನೂ ಕಂಡಿದ್ದೆ. ಬರೆಯಲು ಶುರು ಮಾಡುವ ಮುಂಚೆ ಅವಳು ಎಡಗೈ ಎತ್ತಿ ಅಂಗೈಯನ್ನು ಕಿವಿಗೆ ಮುಚ್ಚಿ ಹಿಡಿದಿದ್ದಳು. ಕಣ್ಣು ಮುಚ್ಚಿದ್ದಳು. ತುಟಿ ಅಲ್ಲಾಡುತ್ತಿತ್ತು. ಎರಡು ಸಾಲು ಬರೆದು ಮತ್ತೆ ಕೈ ಕಿವಿಗೆ. ಮತ್ತೆ ಎರಡು ಸಾಲು. ಬೆಂಚಿನ ಕೆಳಗೆ ಮೊಣಕಾಲು ಒಂದೇ ಸಮನೆ ಅಲುಗುತ್ತಿತ್ತು. ಹಲ್ಲುನೋವಿರಬೇಕು ಎಂದುಕೊಂಡು ನಾನು ಕಿಟಕಿಯತ್ತ ನಡೆದಿದ್ದೆ.

ಇದನ್ನು ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಅಂಗೈ ಅಂದ ಕೂಡಲೇ ಇನಾಮದಾರ ಸರ್ ಅವರ ಕಿವಿ ನೆಟ್ಟಗಾಗುತ್ತದೆ. ಹೇಳದಿದ್ದರೆ? ‘ನಿಮ್ಮ ವಾದಕ್ಕೆ ತೊಂದರೆ ಕೊಡುವ ಸಂಗತಿಯನ್ನು ಮುಚ್ಚಿಡಬೇಡಿ, ಅದನ್ನೂ ಬರೆಯಿರಿ’ ಎಂದು ವಾರಕ್ಕೊಮ್ಮೆ ಬೋರ್ಡಿನ ಮುಂದೆ ನಿಂತು ಹೇಳುವವಳು ನಾನು. ಬೋರ್ಡಿನ ಮುಂದೆ ಹೇಳುವುದು ಸುಲಭ. ಹುಡುಗಿ ಎದುರಿಗೆ ತಲೆ ತಗ್ಗಿಸಿ ನಿಂತಿರುವಾಗ?

ಹೇಳಿದೆ. ಕಂಡಷ್ಟನ್ನೂ, ಕಂಡ ಕ್ರಮದಲ್ಲೇ.

“ನಾ ಹೇಳಲಿಲ್ಲೇನ್ರಿ?” ಇನಾಮದಾರ ಸರ್ ಟೇಬಲ್ ತಟ್ಟಿದರು. “ಅಂಗೈಯಾಗಿನ ಚೀಟಿ! ಬಾಳ ಹಳೇ ಆಟ ಇದು.”

ಪ್ರಿನ್ಸಿಪಾಲರು ಸುವರ್ಣಾಳತ್ತ ತಿರುಗಿದರು. “ಏನವಾ, ಕೈಯಾಗ ಏನಿತ್ತು?”

“ಏನೂ ಇರಲಿಲ್ರಿ ಸರ.”

“ಮತ್ತ ಕಿವಿಗ್ಯಾಕ ಹಿಡದಿದ್ದಿ?”

“ಕೇಳಾಕ್ರಿ.”

“ಏನ್ ಕೇಳಾಕ?”

“ಮೇಡಮ್ಮರು ಓದಿದ್ದು.”

ಇನಾಮದಾರ ಸರ್ ನಕ್ಕೇಬಿಟ್ಟರು. “ಅವರು ಓದಿದ್ದು ಹ್ವಾದ ತಿಂಗಳ. ನೀ ಕೇಳೂದು ಈ ತಿಂಗಳ. ರೇಡಿಯೋ ಏನವಾ ನೀ?”

ಆಗ ಬಾಗಿಲಲ್ಲಿ ಒಂದು ಗಟ್ಟಿ ದನಿ ಕೇಳಿತು. “ಸರ, ಒಳಗ ಬರ್ಲ್ಯಾ?” ಕೇಳುವಷ್ಟರಲ್ಲಿ ಅವರು ಒಳಗೇ ಇದ್ದರು. ದೊಡ್ಡ ಕುಂಕುಮ, ಇಳಕಲ್ಲ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಸುವರ್ಣಾಳ ಸೋದರತ್ತೆ ಕಾಶವ್ವ. ಪಾಲಕರು ಬರಬೇಕೆಂದು ಆಫೀಸಿನಿಂದ ಅವರ ಊರಿನ ಎಸ್‌ಟಿಡಿ ಬೂತಿಗೆ ಫೋನ್ ಹೋಗಿತ್ತು. ಅಣ್ಣ ಬರುವುದಿಲ್ಲ ಎಂದಿದ್ದ. ಅತ್ತೆ ಬಂದಿದ್ದರು.

ಕಾಶವ್ವನದು ಗೀಗೀ ಪದದ ಮೇಳ. ಸವದತ್ತಿಯಿಂದ ರಾಮದುರ್ಗದವರೆಗೆ ಕರೆದಲ್ಲಿಗೆ ಹೋಗಿ ಡಪ್ಪ, ತುಂತುಣಿ ಬಾರಿಸಿಕೊಂಡು ಹಾಡುವವರು. ವರಾಂಡದ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ನಾವು ನಾಗೇಶಿಯವರ್ರಿ” ಎಂದರು. “ಹೆಣ್ಣ ಹೆಚ್ಚು ಅಂತ ಹಾಡಾವ್ರು. ಎದುರಿಗಿ ಹರದೇಶಿಯವ್ರು, ಗಂಡ ಹೆಚ್ಚು ಅಂತ ಹಾಡ್ತಾರ. ಅವರದು ಮುಗದ ಕೂಡಲೇ ಎದ್ದು ಜವಾಬ ಕೊಡಂಗಿಲ್ರಿ ನಮ್ಮಲ್ಲಿ. ಮೊದಲ ಅವರ ಮಾತು ಪೂರಾ ತಿರುಗಿ ಹಾಡಿ ತೋರಸ್ಬೇಕು. ಒಂದ ನುಡಿ ಬಿಟ್ರೂ ಅವರು ಡಪ್ಪ ಬಡದು ನಿಂದರಸ್ತಾರ. ‘ನಮ್ಮ ಮಾತ ಕೇಳೇ ಇಲ್ಲ, ಜವಾಬ ಏನ್ ಕೊಡ್ತಿ, ಕುಂದರ ಹೋಗ’ ಅಂತಾರ. ಈಕಿ ಸಣ್ಣಾಕಿ ಇದ್ದಾಗಿಂದ ನನ್ನ ಹಿಂದ ತುಂತುಣಿ ಹಿಡದು ನಿಂತಾಕಿ. ಪರೀಕ್ಷಾದಾಗೂ ಹಂಗ ಮಾಡ್ಯಾಳ, ಖೋಡಿ.”

“ಬಾಯಿ, ಇದು ಪರೀಕ್ಷಾ. ಪದಾ ಅಲ್ಲ” ಎಂದರು ಇನಾಮದಾರ ಸರ್.

“ಹೌದಲ್ರಿ. ಅದಕ್ಕ ಡಪ್ಪ ತಂದಿಲ್ಲ.”

ಪ್ರಿನ್ಸಿಪಾಲರು ಬಾಯಿಗೆ ಕರವಸ್ತ್ರ ಹಿಡಿದರು.

ನಾನು ಎರಡೂ ಪ್ರತಿಗಳನ್ನು ನನ್ನ ಕಡೆಗೆ ಎಳೆದುಕೊಂಡೆ. ಅವಸರವಿಲ್ಲದೆ ಮತ್ತೆ ಓದಿದೆ, ಒಂದೊಂದೇ ವಾಕ್ಯ. ನನ್ನ ಬರಹದಲ್ಲಿ ಬ್ರಾಕೆಟ್ಟುಗಳು ಬಹಳ, ನಿಮಗೆ ಗೊತ್ತು. ಸುವರ್ಣಾಳ ಪೇಪರಿನಲ್ಲಿ ಒಂದೂ ಇರಲಿಲ್ಲ. ಬ್ರಾಕೆಟ್ಟಿನ ಒಳಗಿನ ಮಾತುಗಳಿದ್ದವು, ಬ್ರಾಕೆಟ್ ಇರಲಿಲ್ಲ. ನೋಡಿ ಬರೆದಿದ್ದರೆ ಅದು ಬಿಡುತ್ತಿತ್ತೇ?

ಆಮೇಲೆ ಎರಡನೆಯ ಪುಟದ ಒಂದು ವಾಕ್ಯಕ್ಕೆ ಬಂದು ಬೆರಳು ನಿಂತಿತು. ‘ನಾನೂ ಒಂದು ಕಾಲಕ್ಕೆ ಕಿತ್ತೂರಿನಿಂದ ಬಸ್ಸಿನಲ್ಲೇ ಬಂದು ಕಲಿತವಳು.’ ಇದು ಸುವರ್ಣಾಳ ಪೇಪರಿನಲ್ಲಿತ್ತು, ಝೆರಾಕ್ಸಿನಲ್ಲಿ ಇರಲಿಲ್ಲ. ಪತ್ರಿಕೆಯಲ್ಲಿ ಅಚ್ಚಾಗುವಾಗ ಆ ಸಾಲು ಬಿಟ್ಟುಹೋಗಿತ್ತು. ತರಗತಿಯಲ್ಲಿ ಓದುವಾಗ ನಾನು ನೆನಪಿನಿಂದ ಸೇರಿಸಿ ಓದಿದ್ದೆ. ಹಾಗಾದರೆ ಆ ಸಾಲು ಅವಳಿಗೆ ಸಿಕ್ಕಿದ್ದು ಕಿವಿಯಿಂದ. ಬೇರೆ ದಾರಿಯೇ ಇಲ್ಲ.

ಹೆಚ್ಚುಕಡಿಮೆ ಕೂಗಿ ಹೇಳಿದೆ.

ಇನಾಮದಾರ ಸರ್ ನನ್ನತ್ತ ನೋಡದೆ, “ಅಥವಾ ನಿಮ್ಮ ಕೈಬರಹದ ಪ್ರತಿ ಆಕಿಗೆ ಸಿಕ್ಕಿರಬೇಕು” ಎಂದರು.

ಸಾಕ್ಷಿ ಹೇಳಲು ಬಂದವಳು ನಾನು, ಈಗ ಯಾವ ಕಡೆ ನಿಂತಿದ್ದೆ? ಅವರು ಹೇಳಿದ್ದರಲ್ಲಿ ದ್ವೇಷವಿರಲಿಲ್ಲ. ತರ್ಕವಿತ್ತು. ಅದೇ ಹೆಚ್ಚು ಹೆದರಿಸಿತು.

ಪ್ರಿನ್ಸಿಪಾಲರು ಡ್ರಾವರ್ ಎಳೆದು ಒಂದು ಕಾಗದ ತೆಗೆದರು. ಅಂದೇ ಟೈಪಾಗಿ ಬಂದಿದ್ದ ನೋಟಿಸು, ಇನ್ನೂ ಸಹಿ ಬಿದ್ದಿರಲಿಲ್ಲ. “ತಂಗಿ, ಇದನ್ನ ಓದತೇನಿ. ತಿರುಗಿ ಹೇಳತೀಯೇನು?”

“ಎರಡ ಸಲ ಓದ್ತೀರೇನ್ರಿ ಸರ? ಮೇಡಮ್ಮರು ಎರಡ ಸಲ ಓದಿದ್ರು.”

ಎರಡು ಸಲ ಓದಿದರು. ಕಾಲೇಜಿನ ಆವರಣದಲ್ಲಿ ಸೈಕಲ್ಲುಗಳನ್ನು ನಿಲ್ಲಿಸುವ ಬಗ್ಗೆ, ಆಫೀಸಿನ ಕನ್ನಡದಲ್ಲಿ, ಅರ್ಧ ಪುಟ. ನನಗೆ ಕೊನೆಯ ವಾಕ್ಯವೂ ನೆನಪುಳಿಯಲಿಲ್ಲ.

ಸುವರ್ಣಾ ಕಣ್ಣು ಮುಚ್ಚಿದಳು. ಎಡಗೈ ಕಿವಿಗೆ ಹೋಯಿತು. ಕೈ ಖಾಲಿ ಇತ್ತು. ಎಲ್ಲರೂ ನೋಡಿದೆವು. ಗಟ್ಟಿಯಾಗಿ ಹೇಳತೊಡಗಿದಳು.

“ಈ ಮೂಲಕ ಎಲ್ಲಾ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೆ ತಿಳಿಯಪಡಿಸುವುದೇನೆಂದರೆ, ಸೈಕಲ್ ಸ್ಟ್ಯಾಂಡ್ ಹೊರತುಪಡಿಸಿ ಆವರಣದ ಇನ್ನಾವುದೇ ಭಾಗದಲ್ಲಿ ಸೈಕಲ್ಲುಗಳನ್ನು ನಿಲ್ಲಿಸತಕ್ಕದ್ದಲ್ಲ. ಸದರಿ ಸೂಚನೆಯನ್ನು ಉಲ್ಲಂಘಿಸಿದಲ್ಲಿ…” ಹೀಗೆ ನಡೆಯಿತು. ಒಂದು ‘ಸದರಿ’ಯನ್ನೂ ಬಿಡಲಿಲ್ಲ. ಪ್ರಿನ್ಸಿಪಾಲರ ಬೆರಳು ಕಾಗದದ ಮೇಲೆ ಅವಳ ಜೊತೆ ಜೊತೆಗೇ ಇಳಿಯುತ್ತಿತ್ತು. ಕೊನೆಯ ಸಾಲಿನಲ್ಲಿ ನಿಂತಿತು.

ಹುಡುಗಿ ಇನ್ನೂ ಕಿವಿಯಿಂದ ಕೈ ತೆಗೆದಿರಲಿಲ್ಲ.

“ಆದರ…” ಎಂದಳು.

“ಸುಮ್ನಿರ ಸುವ್ವಿ!” ಎಂದರು ಕಾಶವ್ವ.

“ಆದರ ಸೈಕಲ್ ಸ್ಟ್ಯಾಂಡಿನ್ಯಾಗ ಮುರದ ಬೆಂಚ ಒಟ್ಟ್ಯಾರ್ರಿ ಸರ. ಸೈಕಲ್ ನಿಂದರಸಾಕ ಅಲ್ಲೆ ಜಾಗಾ ಇಲ್ರಿ.”

ಮೊದಲು ನಕ್ಕವನು ಬಾಗಿಲಲ್ಲಿದ್ದ ಜವಾನ. ಆ ಬೆಂಚುಗಳನ್ನು ಅಲ್ಲಿ ಒಟ್ಟಿದವನು ಅವನೇ. ಪ್ರಿನ್ಸಿಪಾಲರು ಎದ್ದು ಕಿಟಕಿಯಿಂದ ಸ್ಟ್ಯಾಂಡಿನತ್ತ ನೋಡಿದರು. ಬಂದು ಕುಳಿತರು. ನೋಟಿಸನ್ನು ಸಹಿ ಹಾಕದೆ ಡ್ರಾವರಿನಲ್ಲಿಟ್ಟರು.

ಇನಾಮದಾರ ಸರ್ ಕನ್ನಡಕ ಹಾಕಿಕೊಂಡರು. ಸುವರ್ಣಾಳ ಪೇಪರ್ ತೆಗೆದುಕೊಂಡು, ಅಂದು ತಾವು ತಿರುವದೇ ಬಿಟ್ಟಿದ್ದ ಪುಟವನ್ನು ತಿರುವಿದರು. ಗಟ್ಟಿಯಾಗಿ ಓದತೊಡಗಿದರು.

‘ಇಲ್ಲಿಯವರೆಗೆ ಹೇಳಿದ್ದು ಲೇಖಕಿಯ ಮಾತು. ಏನೂ ಬಿಡದೆ ಹೇಳಿದ್ದೇನೆ. ಇನ್ನು ನನ್ನ ಮಾತು.’

ಅವರು ತಲೆ ಎತ್ತಿ ಒಮ್ಮೆ ಎಲ್ಲರನ್ನೂ ನೋಡಿ, ಮುಂದುವರಿಸಿದರು.

‘ಲೇಖಕಿ ಮೊದಲ ಪೀರಿಯಡ್ಡಿನಲ್ಲಿ ಕುಳಿತಿದ್ದ ವಿದ್ಯಾರ್ಥಿಗಳನ್ನು ಕೇಳಿ ಈ ಲೇಖನ ಬರೆದಿದ್ದಾರೆ. ತಡವಾಗಿ ಬರುವವರು ಆಗ ಅಲ್ಲಿ ಇರಲಿಲ್ಲ. ಇಲ್ಲದವರ ವಿಷಯವನ್ನು ಇದ್ದವರಿಂದ ತಿಳಿದುಕೊಂಡಿದ್ದಾರೆ. ಮನಸ್ಸಿದ್ದರೆ ಎಂಬ ಮಾತು ಲೇಖನದಲ್ಲಿ ಮತ್ತೆ ಮತ್ತೆ ಬರುತ್ತದೆ. ಆಧಾರ ಇರಬೇಕಾದ ಕಡೆಯಲ್ಲೆಲ್ಲ ಈ ಮಾತೇ ಇದೆ. ಮುಂಚಿನ ಬಸ್ಸು ರಾತ್ರಿ ನಮ್ಮೂರಲ್ಲೇ ವಸ್ತಿ ಇರುವ ಬಸ್ಸು. ಅದು ಹೊರಡುವ ಹೊತ್ತಿಗೆ ನಳದಲ್ಲಿ ನೀರು ಬಂದಿರುವುದಿಲ್ಲ. ನೀರು ತುಂಬದೆ ಹೊರಟ ಹುಡುಗಿಯನ್ನು ಮರುದಿನ ಯಾವ ಬಸ್ಸಿಗೂ ಕಳಿಸುವುದಿಲ್ಲ. ಈ ಲೇಖನದಲ್ಲಿ ಬಸ್ಸು ಇದೆ, ನೀರು ಇಲ್ಲ.’

ಅಲ್ಲಿ ನಿಲ್ಲಿಸಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ಮೇಡಂ, ಬರೀ ಕೂತಿದ್ದವರನ್ನ ಕೇಳಿ ಬರದಿದ್ರೇನು?”

“ಹೌದ್ರಿ ಸರ್” ಎಂದೆ. ಇಷ್ಟು ಸಂತೋಷದಿಂದ ಸೋತದ್ದು ಇದೇ ಮೊದಲು.

ಕೊನೆಯಲ್ಲಿ ಒಂದು ವಾಕ್ಯವಿತ್ತು: ‘ಆದರೂ ಲೇಖಕಿಯ ಒಂದು ಮಾತು ಸರಿ. ತಪ್ಪಿದ ಪಾಠ ತಪ್ಪಿದ್ದೇ. ಯಾರ ತಪ್ಪಾದರೂ ನಷ್ಟ ನಮಗೇ.’

ಅದನ್ನು ಕೇಳಿ ಕಾಶವ್ವ ಹೌಹಾರಿದರು. “ಏ ಹುಡುಗಿ! ಎದುರಿನವರ ಮಾತು ಒಪ್ಪಿಗೊಂಡಿ? ಇದನ್ಯಾರು ಕಲಿಸಿದ್ರು ನಿನಗ?”

“ಮೇಡಮ್ಮರ ಕಲಿಸ್ಯಾರತ್ತಿ. ಖರೆ ಇದ್ದದ್ದು ಖರೆ ಅಂತ ಬರೀಬೇಕಂತ.”

“ಇಲ್ಲೆ ಬರಕೋ. ಮೇಳದಾಗ ಹಿಂಗ ಮಾಡಿಗೀಡಿ, ಮತ್ತ!”

ಇನಾಮದಾರ ಸರ್ ತಮ್ಮ ಕೆಂಪು ‘ಕಾಪಿ’ಯ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿದರು. ಹಿರಿಯರೊಬ್ಬರು ವಿದ್ಯಾರ್ಥಿಯ ಎದುರಿಗೇ ತಮ್ಮ ಬರಹವನ್ನು ಹೊಡೆದುಹಾಕುವುದು ಸಣ್ಣ ಮಾತಲ್ಲ. ಆಮೇಲೆ ಸುವರ್ಣಾಳಿಗೆ ಹೇಳಿದರು: “ಇನ್ನೊಬ್ಬರ ಮಾತು ಬರಿಯೂ ಮುಂದ ಉದ್ಧರಣ ಚಿಹ್ನೆ ಹಾಕಬೇಕವಾ. ಹಿಂದ ಎರಡು, ಮುಂದ ಎರಡು. ಹಾಕಿದ್ದರ ಇಷ್ಟೆಲ್ಲಾ ಆಗ್ತಿದ್ದಿಲ್ಲ.”

“ಅಷ್ಟ ಹಾಕಿದ್ರ ಸಾಕಾಗಿತ್ತೇನ್ರಿ?” ಹುಡುಗಿಗೆ ನಿಜಕ್ಕೂ ಆಶ್ಚರ್ಯ.

“ಮೇಡಂ, ಇದನ್ನಿನ್ನೂ ಕಲಿಸಿಲ್ಲೇನ್ರಿ?”

“ಮುಂದಿನ ವಾರದ ಪಾಠ, ಸರ್.”

ಹೊರಗೆ ಬಂದು ವರಾಂಡದ ಬೆಂಚಿನ ಮೇಲೆ ಕುಳಿತೆ. ಕಾಶವ್ವ ಚೀಲದಿಂದ ಶೇಂಗಾ ಉಂಡೆ ತೆಗೆದು ಕೈಗಿಟ್ಟರು. “ತಿನ್ರಿ ಮೇಡಮ್ಮರ, ಮಾರಿ ಸಪ್ಪಗಾಗೇದ. ಹೊಗಳಿಸಿಗೊಳ್ಳೂದಕ್ಕಿಂತ ಬೈಸಿಗೊಳ್ಳೂದು ಬಾಳ ದಣಿವು.” ಆಮೇಲೆ ಸುವರ್ಣಾಳ ಸೆರಗು ಸರಿಮಾಡಿ, “ನಡಿ, ನಿಮ್ಮಣ್ಣಗ ನಾ ಹೇಳತೇನಿ. ಅವನ ಮಾತು ಮೊದಲ ಪೂರಾ ತಿರುಗಿ ಹೇಳತೇನಿ. ಆಮ್ಯಾಲ ಜವಾಬ” ಎಂದರು.

ಹುಡುಗಿ ಅಂದು ಮೊದಲ ಸಲ ನಕ್ಕಳು.

“ನನ್ನ ಲೇಖನ ಇನ್ನೂ ಪೂರ್ತಿ ನೆನಪಿದೆಯೇನು?” ಎಂದೆ. ಸ್ವಲ್ಪ ಆಸೆಯಿಂದಲೇ ಕೇಳಿದ್ದು.

“ಬಾಯಿಪಾಠ ಐತ್ರಿ ಮೇಡಮ್ರಿ. ಒಪ್ಪಿಗಿ ಆಗಿಲ್ರಿ.”

ಸುವರ್ಣಾ ಈ ವರ್ಷ ಪರೀಕ್ಷೆಗೆ ಕೂಡುತ್ತಾಳೆ. ಅಣ್ಣ ಎರಡು ದಿನ ಗೊಣಗಿ ಸುಮ್ಮನಾಗಿದ್ದಾನಂತೆ. ಮೊನ್ನೆ ಮೊದಲ ಪೀರಿಯಡ್ಡಿಗೆ ತಡವಾಗಿ ಬಂದಳು. ನಾನು ಏನೂ ಕೇಳಲಿಲ್ಲ. ಪಾಠದಲ್ಲಿ ಅದುವರೆಗೆ ಹೇಳಿದ್ದನ್ನು ಎರಡು ಮಾತಿನಲ್ಲಿ ಮತ್ತೊಮ್ಮೆ ಹೇಳಿ ಮುಂದೆ ಹೋದೆ.

ಆ ಟೆಸ್ಟಿನ ಉಳಿದ ಪೇಪರುಗಳು ಅಂಕ ಬಿದ್ದು ನಿನ್ನೆ ನನ್ನ ಕೈಗೆ ಬಂದವು. ಸಮಾಧಾನದಿಂದ ಕೂತು ಎಲ್ಲವನ್ನೂ ಕೊನೆಯ ಪುಟದವರೆಗೆ ಓದಿದೆ. ಮುಂದಿನ ಬೆಂಚಿನವರಿಂದ ಹಿಂದಿನ ಬೆಂಚಿನವರವರೆಗೆ, ಮುಂಚಿನ ಬಸ್ಸಿಗೆ ಬರುವವರೂ ತಡವಾದ ಬಸ್ಸಿಗೆ ಬರುವವರೂ, ಹೆಚ್ಚುಕಡಿಮೆ ಎಲ್ಲರೂ ಒಂದೇ ವಾಕ್ಯದಿಂದ ಮುಗಿಸಿದ್ದರು: ‘ಲೇಖಕಿಯ ಅಭಿಪ್ರಾಯ ಅತ್ಯಂತ ಸಮಂಜಸವಾಗಿದೆ.’

ಇವುಗಳಲ್ಲಿ ಒಂದರ ಮೇಲೂ ‘ಕಾಪಿ’ ಎಂದು ಬರೆಯಬೇಕೆಂದು ನಮಗೆ ಯಾರಿಗೂ ಅನಿಸಲಿಲ್ಲವಲ್ಲ, ಏಕೆ?